ಏರಿನಲ್ಲಿ ಹಿಂದುಳಿಯುವವರು

ಪ್ರಶ್ನೆ: ನಮ್ಮ ತಂಡ ಶಿವಮೊಗ್ಗದಿಂದ ಆಗುಂಬೆಗೆ ಒಂದೇ ದಿನದಲ್ಲಿ ಸೈಕಲ್ ತುಳಿಯಲಿದೆ. ಏರು ಬಂದರೆ ನಾನೇ ಕೊನೆ. ಏನು ಮಾಡಲಿ?
– ಓದುಗರೊಬ್ಬರು, ಸಾಗರ

ಉತ್ತರ: ಕೊನೆಯಲ್ಲೇ ಇರಿ. ಮುಂದೆ ಓಡಿದವರಿಗೆ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆ ಕಾಣಿಸುವುದೇ ಇಲ್ಲ. ಮಳೆಗಾಲವಾದರೆ ಅಲ್ಲಿನ ಮರಗಳ ತುಂಬ ಬೆಳ್ಳಕ್ಕಿಗಳ ಗೂಡು. ಗೇರನ್ನು ಏರಿನ ಬುಡದಲ್ಲೇ ಇಳಿಸಿಕೊಳ್ಳಿ. ಅರ್ಧ ಹತ್ತಿ, ಬಲವಾಗಿ ತುಳಿಯುತ್ತಲೇ ಬದಲಿಸಿದರೆ ಚೈನ್ ಕಳಚೀತು. ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಅಲ್ಲಿ ಕಡುಬು ತಿನ್ನಿ, ಆದರೆ ಹೊಟ್ಟೆ ಬಿರಿಯುವಷ್ಟು ಬೇಡ, ಇನ್ನೂ 30 ಕಿಲೋಮೀಟರಿನಾಚೆ ಆಗುಂಬೆ. ಮಳೆಯಂಗಿ ಕೈಗೆ ಸಿಗುವಂತಿರಲಿ. ಘಾಟಿಯ 14 ತಿರುವುಗಳಿಗೆ ಹೆದರಬೇಡಿ: ಅವು ಊರು ದಾಟಿದ ಮೇಲೆ ಸೋಮೇಶ್ವರದ ಕಡೆಗಿನ ಇಳಿಜಾರು. ಯಾರಾದರೂ ಉತ್ಸಾಹಿಗಳು ಅದನ್ನೂ ಇಳಿಯೋಣ ಎಂದರೆ, ಮತ್ತೆ ಹತ್ತುವವರು ಯಾರು ಎಂದು ಮೊದಲೇ ಕೇಳಿ.