ಹಸಿರು ಕೋಟಿನ ಲೆಪ್ರಕಾನ್ ಎಷ್ಟು ಹಳೆಯವನು?

ಲೆಪ್ರಕಾನ್ ಅಂದರೆ ಐರಿಷ್ ಕಥೆಗಳ ಕುಳ್ಳ ಮಾಯಾವಿ. ಅವನ ಹಸಿರು ಕೋಟು, ಅದೃಷ್ಟ ತರುವ ನಾಲ್ಕೆಲೆ ಕ್ಲೋವರ್ (ಹುಲ್ಲಿನ ನಡುವೆ ಬೆಳೆಯುವ ಪುಟ್ಟ ಗಿಡ) ಐರ್ಲೆಂಡಿನ ಹಳೇ ಜನಪದದ್ದೇನಾ ಅಂತ ಕೇಳಿದ್ದೀರಿ. ಪೂರ್ತಿ ಅಲ್ಲ.

19ನೇ ಶತಮಾನದ ಬರಹಗಳಲ್ಲಿ ಅವನಿಗೆ ಎಷ್ಟೋ ಕಡೆ ಕೆಂಪು ಕೋಟೇ ಇದೆ. ಕಸುಬು ಬೂಟು ಹೊಲಿಯುವುದು. ಅದೃಷ್ಟ ಹಂಚುವವನಂತೂ ಅಲ್ಲ. ಹಿಡಿದವರು ಒಮ್ಮೆ ಕಣ್ಣು ಆಚೆ ತಿರುಗಿಸಿದರೆ ಸಾಕು, ತಾನು ಬಚ್ಚಿಟ್ಟ ಚಿನ್ನದ ಗುಟ್ಟು ಹೇಳದೆ ಮಾಯ. ಹಸಿರು ಆಮೇಲೆ ಅಂಟಿದ್ದು. ಅದರಲ್ಲಿ ಅಮೆರಿಕದ ಶುಭಾಶಯ ಕಾರ್ಡು, ಜಾಹೀರಾತುಗಳ ಪಾಲು ಜಾಸ್ತಿ. ಇನ್ನು ಕ್ಲೋವರ್ ವಿಷಯ: ಐರ್ಲೆಂಡಿನ ಪೋಷಕ ಸಂತ ಪ್ಯಾಟ್ರಿಕ್ ಜೊತೆ ಬರುವ, ಅದೇ ಜಾತಿಯ ಶ್ಯಾಮ್‌ರಾಕ್‌ಗೆ ಮೂರೇ ಎಲೆ.

ನನ್ನನ್ನು ಹೆಚ್ಚು ಸೆಳೆಯುವುದು ಕೇಡಿನ ಭಯದ ಕಥೆಗಳು. ಹೊಲದ ಮಧ್ಯೆ ಒಂಟಿಯಾಗಿ ನಿಂತ ಹಾಥಾರ್ನ್ ಎಂಬ ಮುಳ್ಳುಗಿಡ ಯಕ್ಷಿಯರದ್ದು, ಕಡಿದರೆ ಉಳಿಗಾಲವಿಲ್ಲ ಅನ್ನುವ ನಂಬಿಕೆ ಅಲ್ಲಿದೆ. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ ಹೆದ್ದಾರಿಯ ದಾರಿಗೆ ಅಂಥ ಗಿಡ ಅಡ್ಡ ಬಂತು. ಕಥೆಗಾರ ಎಡ್ಡಿ ಲೆನಿಹನ್ ಪಟ್ಟು ಹಿಡಿದು ದನಿ ಎತ್ತಿದರು. ಗಿಡ ಉಳಿಯಿತು, ರಸ್ತೆ ಪಕ್ಕದಲ್ಲಿ ಹೋಯಿತು. ಪ್ರವಾಸಿಗರ ಅಂಗಡಿಯ ಹಸಿರು ಲೆಪ್ರಕಾನ್ ಟೋಪಿಗಿಂತ ಐರಿಷ್ ಮನಸ್ಸು ಇಲ್ಲಿ ಚೆನ್ನಾಗಿ ಕಾಣುತ್ತದೆ, ಅಲ್ವಾ?

ಮೂಲ ಕಥೆಗಳು ಬೇಕಿದ್ದರೆ, 1937-39ರಲ್ಲಿ ಶಾಲಾ ಮಕ್ಕಳು ಮನೆಯ, ಊರಿನ ಹಿರಿಯರಿಂದ ಕೇಳಿ ಬರೆದ ಸಂಗ್ರಹ ನೋಡಿ. ಡಬ್ಲಿನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿದೆ, ಆನ್‌ಲೈನ್‌ನಲ್ಲೂ ದುಡ್ಡಿಲ್ಲದೆ ಓದಬಹುದು.