ಜ್ವರ ಬಿಟ್ಟ ಮೇಲಿನ ಆ ಒಂದು ದಿನ ಬರೆಯಿರಿ

ನಮಸ್ಕಾರ.

ನಿಮ್ಮ ಕಥೆ ಓದಿದೆ. ಈಗಿರುವ ಹಾಗೆ ಅದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಾಲೇಜು ಓದುವ ತಮ್ಮನಿಗೆ ಡೆಂಗಿ. ನಾಲ್ಕು ದಿನ ಕಾದ ಹಂಚಿನಂಥ ಮೈ. ಐದನೆಯ ದಿನ ಬೆಳಿಗ್ಗೆ ಜ್ವರ ಬಿಡುತ್ತದೆ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚುತ್ತಾಳೆ, ಹುಡುಗ ಎರಡು ತುತ್ತು ಮೊಸರನ್ನ ತಿನ್ನುತ್ತಾನೆ. ಇಲ್ಲಿಯವರೆಗೆ ಚೆನ್ನಾಗಿದೆ. ಮುಂದಿನ ಸಾಲು: ‘ಮರುದಿನ ಬೆಳಗಾಗುವಷ್ಟರಲ್ಲಿ ವಿಧಿ ಅವನನ್ನು ಕರೆದೊಯ್ದಿತ್ತು.’ ಆಮೇಲೆ ಎರಡು ಪುಟ ಅಳು.

ನನ್ನ ತಕರಾರು ಆ ಸಾಲಿನ ಮೇಲೆ. ಮೊಸರನ್ನಕ್ಕೂ ಸಾವಿಗೂ ನಡುವೆ ಇಡೀ ಒಂದು ಹಗಲು, ಒಂದು ರಾತ್ರಿ ಇದೆ. ಅದನ್ನು ನೀವು ಬರೆದೇ ಇಲ್ಲ.

‘ನಡೆದದ್ದೇ ಹೀಗೆ ಸಾರ್, ನೆಂಟರ ಮನೆಯಲ್ಲಿ’ ಅಂತ ಪತ್ರದಲ್ಲಿ ಹೇಳಿದ್ದೀರಿ. ನಂಬುತ್ತೇನೆ. ಮನೆಯವರಿಗೆ ಅದು ದಿಢೀರ್ ಅಂತಲೇ ಅನಿಸಿರುತ್ತದೆ. ಆದರೆ ನಿಮ್ಮ ಕಥೆ ಹೇಳುತ್ತಿರುವ ಅಕ್ಕ ವರ್ಷಗಳಾದ ಮೇಲೆ ಹೇಳುತ್ತಿದ್ದಾಳೆ. ಅಷ್ಟರಲ್ಲಿ ಅವಳು ಆ ದಿನವನ್ನು ಎಷ್ಟು ಸಲ ತಿರುವಿ ಹಾಕಿರುತ್ತಾಳೆ, ಅಲ್ವಾ?

ಡೆಂಗಿಯಲ್ಲಿ ಹೆಚ್ಚು ಎಚ್ಚರ ಬೇಕಾದ್ದು ಜ್ವರ ಇಳಿಯುವಾಗ. ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಜ್ವರ ಬಿಡುತ್ತದೆ. ಅದೇ ಹೊತ್ತಿಗೆ ಕೆಲವರಲ್ಲಿ ಸಣ್ಣ ರಕ್ತನಾಳಗಳಿಂದ ರಕ್ತದ ನೀರಿನಂಶ ಹೊಟ್ಟೆಗೆ, ಎದೆಗೂಡಿಗೆ ಸೋರತೊಡಗುತ್ತದೆ. ಒಳಗೆ ಉಳಿದ ರಕ್ತ ಮಂದವಾಗುತ್ತದೆ, ಬಿಪಿ ಬೀಳುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಅಷ್ಟು ಹೊತ್ತು ಆಸ್ಪತ್ರೆಯಲ್ಲಿ ಲೆಕ್ಕ ನೋಡಿ ಡ್ರಿಪ್ ಕೊಟ್ಟರೆ ಹೆಚ್ಚಿನವರು ಉಳಿದುಕೊಳ್ಳುತ್ತಾರೆ. ಇಂಥ ಕಾಯಿಲೆಯ ಸಾವನ್ನು ವಿಧಿಯ ತಲೆಗೆ ಕಟ್ಟಿದರೆ ಓದುವವರು ಒಪ್ಪುವುದಿಲ್ಲ. ನಾನಂತೂ ಒಪ್ಪಲಿಲ್ಲ.

ಆ ಹುಡುಗನ ಪಕ್ಕದಲ್ಲಿ ಕೂತು ಬರೆಯಿರಿ. ಮಧ್ಯಾಹ್ನ ಹೊಟ್ಟೆನೋವು ಅನ್ನುತ್ತಾನೆ. ‘ನಾಲ್ಕು ದಿನ ಖಾಲಿ ಹೊಟ್ಟೆ, ಇನ್ನೇನಾಗುತ್ತೆ’ ಅನ್ನುತ್ತಾಳೆ ಅಮ್ಮ. ತಿಂದದ್ದು ವಾಂತಿಯಾಗುತ್ತದೆ, ಆಮೇಲೆ ಕುಡಿದ ಎಳನೀರೂ. ಬೆಳಿಗ್ಗೆಯಿಂದ ಅವನು ಮೂತ್ರಕ್ಕೆ ಎದ್ದೇ ಇಲ್ಲ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ಸಂಜೆ ಅಕ್ಕ ಅಂಗೈ ಮುಟ್ಟುತ್ತಾಳೆ. ತಣ್ಣಗಿದೆ, ಬೆವರಿ ಅಂಟಂಟಾಗಿದೆ. ಅಬ್ಬಾ, ಮೈ ತಣ್ಣಗಾಯಿತು ಅಂತ ಅವಳಿಗೆ ಸಮಾಧಾನ. ಅವನೂ ನೆಟ್ಟಗೆ ಮಾತಾಡುತ್ತಾನೆ, ಮ್ಯಾಚಿನ ಸ್ಕೋರ್ ಕೇಳುತ್ತಾನೆ. ಇದು ನಾನು ಕಟ್ಟಿ ಹೇಳುತ್ತಿರುವುದಲ್ಲ. ರಕ್ತದ ಓಟ ಕುಸಿಯುತ್ತಿರುವಾಗಲೂ ಎಷ್ಟೋ ಡೆಂಗಿ ರೋಗಿಗಳಿಗೆ ಎಚ್ಚರ, ಮಾತು ಸರಿಯಾಗಿಯೇ ಇರುತ್ತವೆ. ಅನುಭವ ಸಾಲದ ಡಾಕ್ಟರುಗಳೂ ಅದನ್ನು ನೋಡಿ ಏಮಾರುತ್ತಾರೆ. ನಿಮ್ಮ ಕಥೆಗೆ ಇದಕ್ಕಿಂತ ಬೇರೆ ಏನು ಬೇಕು?

ಇನ್ನು ಪ್ಲೇಟ್‌ಲೆಟ್ ವಿಷಯ. ಚಿಕ್ಕಪ್ಪ ಫೋನ್ ಮಾಡಿ ‘ಕೌಂಟ್ ಎಷ್ಟಿದೆ’ ಅಂತ ಕೇಳುವುದು, ಅಕ್ಕಪಕ್ಕದವರು ಪಪ್ಪಾಯ ಎಲೆ ಹುಡುಕಿಕೊಂಡು ಹೋಗುವುದು, ಇವೆಲ್ಲ ನಮ್ಮ ಮನೆಗಳಲ್ಲಿ ನಡೆಯುವುದೇ. ಹಾಗೇ ಇರಲಿ. ಆದರೆ ಹುಡುಗ ಸತ್ತದ್ದು ಪ್ಲೇಟ್‌ಲೆಟ್ ಇಳಿದದ್ದರಿಂದಲೇ ಅಂತ ನೀವೂ ನಂಬಿಬಿಟ್ಟಿದ್ದೀರಿ. ಡೆಂಗಿಯಲ್ಲಿ ಜಾಸ್ತಿ ಜೀವ ತೆಗೆಯುವುದು ಆ ಸೋರಿಕೆ, ಅದರಿಂದಾಗುವ ಶಾಕ್, ಅಂದರೆ ರಕ್ತದ ಓಟವೇ ಕುಸಿಯುವುದು. ಅದೇ ಲ್ಯಾಬ್ ರಿಪೋರ್ಟಿನಲ್ಲಿ ಪಿಸಿವಿ ಅಂತ ಒಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನುವುದು. ರಕ್ತ ಮಂದವಾದಂತೆ ಆ ಅಂಕಿ ಏರುತ್ತದೆ. ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಮೇಲಿರುವಾಗ ಅಕ್ಕ ಆ ಸಾಲನ್ನು ಓದಿಯೂ ದಾಟಿಹೋಗಲಿ.

ಕೊನೆಯಲ್ಲಿ ಡಾಕ್ಟರ್ ಬಂದು ಅರ್ಧ ಪುಟ ಕಾಯಿಲೆ ವಿವರಿಸುತ್ತಾರಲ್ಲ, ಅದು ಬೇಡವೇ ಬೇಡ. ಅಮ್ಮನನ್ನು ಬೈಯುವ ಮಾವನೂ ಬೇಡ. ಜ್ವರ ಬಿಟ್ಟರೆ ಹುಷಾರಾದ ಹಾಗೆ ಅಂತ ನಮ್ಮನ್ನೆಲ್ಲ ಬೆಳೆಸಿದ್ದಾರೆ, ಅವಳೊಬ್ಬಳ ಮೇಲೆ ಯಾಕೆ ಹೊರಿಸುತ್ತೀರಿ?

ಸಣ್ಣ ತಪ್ಪುಗಳೂ ಇವೆ. ರಾತ್ರಿ ಸೊಳ್ಳೆ ಕಚ್ಚಿ ಡೆಂಗಿ ಬಂತು ಅಂತ ಬರೆದಿದ್ದೀರಿ. ಆ ಸೊಳ್ಳೆ ಹೆಚ್ಚಾಗಿ ಕಚ್ಚುವುದು ಹಗಲಲ್ಲಿ, ಮೊಟ್ಟೆಯಿಡುವುದು ಮನೆಯ ಡ್ರಮ್ಮು, ತೊಟ್ಟಿಗಳ ಶುದ್ಧ ನೀರಿನಲ್ಲಿ. ಮೆಡಿಕಲ್ ಶಾಪಿನವನು ಮೈಕೈ ನೋವಿಗೆ ಐಬುಪ್ರೊಫೇನ್ ಕೊಟ್ಟ ಅಂತಲೂ ಇದೆ. ಡೆಂಗಿಯಲ್ಲಿ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಗೊತ್ತಿದ್ದೇ ಬರೆದಿದ್ದರೆ ಅದಕ್ಕೆ ಕಥೆಯಲ್ಲಿ ಒಂದು ಕೆಲಸ ಕೊಡಿ, ಇಲ್ಲವಾದರೆ ತೆಗೆಯಿರಿ.

ಇಷ್ಟು ಹಟ ಯಾಕೆ ಅಂದರೆ, 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಬೇಕಾಯಿತು. ಮನೆಯಲ್ಲಿ ಜ್ವರ ಬಿಟ್ಟ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡೇ ಯಾರಾದರೂ ನಿಮ್ಮ ಕಥೆ ಓದಬಹುದು.

ಡೆಂಗಿ ವಾರ್ಡಿನಲ್ಲಿ ದುಡಿದ ನರ್ಸ್ ಯಾರಾದರೂ ಪರಿಚಯವಿದ್ದರೆ ಮಾತಾಡಿಸಿ. ರಾತ್ರಿ ಪಾಳಿಯಲ್ಲಿ ಏನೇನು ನೋಡುತ್ತಾರೆ, ಎಷ್ಟು ಹೊತ್ತಿಗೊಮ್ಮೆ ನಾಡಿ ಹಿಡಿಯುತ್ತಾರೆ, ಕೇಳಿ ತಿಳಿದುಕೊಳ್ಳಿ. ಕೊನೆಯ ಎರಡು ಪುಟ ಕಿತ್ತುಹಾಕಿ, ಆ ಜಾಗವನ್ನು ಐದನೆಯ ದಿನಕ್ಕೆ ಕೊಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಅವಸರ ಮಾಡಬೇಡಿ, ಎಷ್ಟು ದಿನ ಬೇಕೋ ಅಷ್ಟು ತಗೊಳ್ಳಿ.