ಮುಟ್ಟು ನಿಲ್ಲುವ ಕಾಲದ ಖಿನ್ನತೆಗೆ ಹಾರ್ಮೋನ್ ಸಾಕೇ, ಮನೋವೈದ್ಯರ ಔಷಧಿಯೂ ಬೇಕೇ?

ಪೆರ್ಲದ ಹತ್ತಿರದ ತೋಟದ ಮನೆಯಿಂದ ನೀವು ಕೇಳಿರುವ ಪ್ರಶ್ನೆಯನ್ನು, ಇತರರೂ ಓದುವ ಕಾರಣಕ್ಕೆ, ಮೊದಲು ಚಿಕ್ಕದಾಗಿ ಹೇಳುತ್ತೇನೆ. ನಿಮಗೆ ನಲವತ್ತೆಂಟು ವರ್ಷ. ಒಂದು ವರ್ಷದಿಂದ ಮುಟ್ಟು ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಮೂರು ತಿಂಗಳಿಗೆ ಬರುತ್ತಿದೆ. ರಾತ್ರಿ ಮೈಯೆಲ್ಲ ಬೆವರಿ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುವುದಿಲ್ಲ. ಬೆಳಗಿನ ಹೊತ್ತು ಕಾರಣವಿಲ್ಲದೆ ಅಳು ಬರುತ್ತದೆ. ಅಡುಗೆ, ತೋಟ, ಮನೆಗೆ ಬಂದ ನೆಂಟರು, ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಮಂಗಳೂರಿನ ಸ್ತ್ರೀರೋಗ ತಜ್ಞೆ ಹಾರ್ಮೋನ್ ಜೆಲ್ ಬರೆದಿದ್ದಾರೆ, ಊರಿನ ವೈದ್ಯರು ನಿದ್ದೆಯ ಮಾತ್ರೆ ಕೊಟ್ಟಿದ್ದಾರೆ, ನಿಮ್ಮ ಅಕ್ಕ ಹಾರ್ಮೋನ್ ಮುಟ್ಟಿದರೆ ಕ್ಯಾನ್ಸರ್ ಗ್ಯಾರಂಟಿ ಎಂದು ಹೆದರಿಸಿದ್ದಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ನಾನು ವೈದ್ಯೆಯಲ್ಲ. ಕಾಸರಗೋಡು ಜಿಲ್ಲೆಯಲ್ಲಿಯೇ ಬಹುಕಾಲ ಸ್ತ್ರೀರೋಗ ವಿಭಾಗದಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು, ಈ ಕಾಯಿಲೆಗೆ ಸ್ವತಃ ಚಿಕಿತ್ಸೆ ಪಡೆದವಳು. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಜೆಲ್ಲಿನ ಸಲಹೆ ವಿವೇಚನೆಯದ್ದೇ. ಆದರೆ ಅದೊಂದೇ ಸಾಕೇ ಎಂಬುದು ಖಿನ್ನತೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದರ ಮೇಲೆ ನಿಂತಿದೆ, ಮತ್ತು ಆ ಆಳವನ್ನು ಇನ್ನೂ ಯಾರೂ ಅಳೆದಂತೆ ಕಾಣುವುದಿಲ್ಲ. ನನಗೆ ಕಳವಳವಿರುವುದು ಜೆಲ್ಲಿನ ಬಗ್ಗೆ ಅಲ್ಲ, ಅಳೆಯದೆ ಬಿಟ್ಟ ಆ ಖಿನ್ನತೆಯ ಬಗ್ಗೆ.

ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮಾತ್ರ ಅದನ್ನು ಋತುಬಂಧವೆನ್ನುತ್ತಾರೆ. ನೀವಿರುವುದು ಅದಕ್ಕೆ ಮುಂಚಿನ ಹಂತದಲ್ಲಿ, ಖಿನ್ನತೆಯ ಅಪಾಯ ಹೆಚ್ಚುವುದೂ ಈ ಹಂತದಲ್ಲಿಯೇ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ (ನಿಮ್ಮ ಜೆಲ್ಲಿನಲ್ಲಿರುವುದೂ ಇದೇ) ಕಡಿಮೆಯಾಗುವುದಕ್ಕಿಂತ, ಅದು ಒಂದು ವಾರ ಏರಿ ಇನ್ನೊಂದು ವಾರ ಕುಸಿಯುವ ಏರುಪೇರಿಗೆ ಕೆಲವರ ಮೆದುಳು ಹೆಚ್ಚು ಸ್ಪಂದಿಸುತ್ತದೆ. ಮನಸ್ಸಿನ ಸ್ಥಿತಿಯನ್ನು ಕಾಯುವ ಸೆರೊಟೋನಿನ್ ವ್ಯವಸ್ಥೆಯ ಮೇಲೆ ಈಸ್ಟ್ರೋಜನ್ನಿನ ಪ್ರಭಾವವಿರುವುದು ಇದಕ್ಕೊಂದು ಕಾರಣ. ಹಾಗಾಗಿಯೇ ನಲವತ್ತೈದು ದಾಟಿದವರಲ್ಲಿ ಹಾರ್ಮೋನ್ ಮಟ್ಟದ ರಕ್ತಪರೀಕ್ಷೆಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ: ಈ ವಾರ ಹೆಚ್ಚು ತೋರಿದ್ದು ಮುಂದಿನ ವಾರ ಸಾಮಾನ್ಯವೆಂದು ಬರಬಹುದು. ಆದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ಇವನ್ನು ಖಂಡಿತ ನೋಡಿಸಿ. ಥೈರಾಯ್ಡ್ ಕೊರತೆಯೂ ರಕ್ತಹೀನತೆಯೂ ಇದೇ ಸುಸ್ತು, ಇದೇ ಮಂಕನ್ನು ತರುತ್ತವೆ, ಮುಟ್ಟು ಏರುಪೇರಾಗಿ ಹೆಚ್ಚು ರಕ್ತ ಹೋಗುತ್ತಿದ್ದರಂತೂ ರಕ್ತಹೀನತೆಯ ಸಾಧ್ಯತೆ ಇನ್ನೂ ಹೆಚ್ಚು.

ಇನ್ನೊಂದು ವಿಷಯವನ್ನು ನೀವು ಬರೆದಿಲ್ಲ, ಆದರೆ ವೈದ್ಯರಿಗೆ ಹೇಳಲೇಬೇಕು. ಬಾಣಂತನದಲ್ಲಿ ಅಥವಾ ಅದಕ್ಕೂ ಮೊದಲು ಎಂದಾದರೂ ಹೀಗೆ ವಾರಗಟ್ಟಲೆ ಮನಸ್ಸು ಕುಗ್ಗಿತ್ತೇ? ಮುಟ್ಟಿನ ಮುಂಚಿನ ದಿನಗಳಲ್ಲಿ ವಿಪರೀತ ಸಿಟ್ಟು, ಅಳು ಇರುತ್ತಿತ್ತೇ? ಹಿಂದೆ ಖಿನ್ನತೆ ಬಂದವರಲ್ಲಿ ಈ ವಯಸ್ಸಿನಲ್ಲಿ ಅದು ಮರುಕಳಿಸುವುದು ಹೆಚ್ಚು. ಅಂಥವರಿಗೆ ಹಾರ್ಮೋನಿಗಿಂತ ಮೊದಲು, ಹಿಂದೆ ಗುಣ ಕೊಟ್ಟ ಖಿನ್ನತೆಯ ಔಷಧಿಯನ್ನೇ ಮತ್ತೆ ಶುರುಮಾಡುವುದನ್ನು ವೈದ್ಯರು ಯೋಚಿಸುತ್ತಾರೆ.

ಈಗ ಅಕ್ಕನ ಹೆದರಿಕೆಯ ವಿಷಯ. ಅದು ಸುಮ್ಮನೆ ಹುಟ್ಟಿದ್ದಲ್ಲ. 2002ರ ಜುಲೈಯಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಎಂಬ ದೊಡ್ಡ ಅಧ್ಯಯನದ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದರು, ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ 26 ಶೇಕಡಾ ಹೆಚ್ಚಿದೆ ಎಂಬ ಸುದ್ದಿ ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಬಂತು. ಆ ಅಂಕಿಯ ಹಿಂದಿನ ಲೆಕ್ಕವನ್ನು ಓದಿದವರು ಕಡಿಮೆ. ವರ್ಷವೊಂದಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಹೆಚ್ಚುವರಿಯಾಗಿ ಕಂಡದ್ದು ಸುಮಾರು ಎಂಟು ಪ್ರಕರಣಗಳು. ಅದರಲ್ಲಿ ಭಾಗವಹಿಸಿದವರ ಸರಾಸರಿ ವಯಸ್ಸು 63, ಅಂದರೆ ಮುಟ್ಟು ನಿಂತು ಹತ್ತು ವರ್ಷ ದಾಟಿದವರೇ ಬಹಳ ಮಂದಿ. ಅವರಿಗೆ ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎಂಬ ಇನ್ನೊಂದು ಕೃತಕ ಹಾರ್ಮೋನ್ ಸೇರಿದ ಮಾತ್ರೆ. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಮಾತ್ರ ಕೊಟ್ಟ ಇನ್ನೊಂದು ಭಾಗದಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಎರಡೂ ಹಾರ್ಮೋನ್ ಸೇರಿದ ಚಿಕಿತ್ಸೆಯನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಸ್ವಲ್ಪ ಅಪಾಯ ಹೆಚ್ಚುತ್ತದೆ ಎಂಬುದು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಅರವತ್ತರ ಒಳಗಿನವರಲ್ಲಿ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡಿದವರಲ್ಲಿ, ಬೆವರು ಮತ್ತು ಬಿಸಿಯ ಉಪದ್ರವಿದ್ದು ಬೇರೆ ತಡೆ ಇಲ್ಲದಿದ್ದರೆ ಲಾಭವೇ ಹೆಚ್ಚು ಎಂದು ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಕ್ಕನೊಡನೆ ಜಗಳವಾಡಬೇಡಿ. ಮನೆತನದಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಗಿತ್ತೇ ಎಂದು ಅವರಲ್ಲೇ ಕೇಳಿ ತಿಳಿದುಕೊಳ್ಳಿ, ಅದು ವೈದ್ಯರಿಗೆ ಬೇಕಾಗುವ ಮಾಹಿತಿ.

ಸ್ವತಃ ಸ್ತನ ಕ್ಯಾನ್ಸರ್ ಆದವರು, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಯಕೃತ್ತಿನ ಕಾಯಿಲೆ ಜೋರಾಗಿರುವವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಸಾಮಾನ್ಯವಾಗಿ ಈ ಚಿಕಿತ್ಸೆಯಿಂದ ದೂರವಿರಬೇಕು. ಬಿಪಿ ನೋಡಿಸಿ, ಸ್ತನ ಪರೀಕ್ಷೆ ಮಾಡಿಸಿ, ಆಮೇಲೆ ಶುರುಮಾಡಿ.

ಹಾರ್ಮೋನ್ ಖಿನ್ನತೆಯನ್ನೇ ಗುಣಪಡಿಸುತ್ತದೆಯೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. 2001ರಲ್ಲಿ ಪ್ರಕಟವಾದ ಒಂದು ಚಿಕ್ಕ ಅಧ್ಯಯನದಲ್ಲಿ, ಮುಟ್ಟು ಏರುಪೇರಾಗುತ್ತಿದ್ದ ಐವತ್ತು ಖಿನ್ನ ಹೆಂಗಸರಲ್ಲಿ ಅರ್ಧ ಮಂದಿಗೆ ಹನ್ನೆರಡು ವಾರ ಎಸ್ಟ್ರಡಿಯಾಲ್ (ಈಸ್ಟ್ರೋಜನ್ನಿನ ಒಂದು ಬಗೆ) ಪಟ್ಟಿಯನ್ನೂ ಉಳಿದವರಿಗೆ ಔಷಧಿಯಿಲ್ಲದ ಪಟ್ಟಿಯನ್ನೂ ಚರ್ಮಕ್ಕೆ ಅಂಟಿಸಿದರು. ಔಷಧಿಯಿದ್ದವರಲ್ಲಿ 68 ಶೇಕಡಾ, ಇಲ್ಲದವರಲ್ಲಿ 20 ಶೇಕಡಾ ಮಂದಿ ಗುಣ ಕಂಡರು. ಅದೇ ಬಗೆಯ ಪಟ್ಟಿಯನ್ನು ಮುಟ್ಟು ನಿಂತು ವರ್ಷಗಳಾದವರ ಮೇಲೆ 2004ರಲ್ಲಿ ಪರೀಕ್ಷಿಸಿದಾಗ ಖಿನ್ನತೆಗೆ ಪ್ರಯೋಜನ ಕಾಣಲಿಲ್ಲ. ಇದರಿಂದ ತಿಳಿಯುವುದೇನೆಂದರೆ, ನಿಮ್ಮಂತೆ ಬದಲಾವಣೆಯ ನಡುವಿನಲ್ಲಿರುವವರಿಗೆ, ಅದರಲ್ಲೂ ಬೆವರಿನಿಂದ ನಿದ್ದೆ ಕೆಟ್ಟವರಿಗೆ, ಹಾರ್ಮೋನಿನಿಂದ ಮನಸ್ಸಿಗೂ ಅನುಕೂಲವಾಗುವ ಸಾಧ್ಯತೆ ಇದೆ. ಅರವತ್ತೈದರ ಅತ್ತೆಯ ಖಿನ್ನತೆಗೆ ಅದೇ ಜೆಲ್ ಹಚ್ಚಿದರೆ ಆಗದು. ಆದರೂ 2018ರಲ್ಲಿ ಈ ವಿಷಯಕ್ಕೆಂದೇ ಸಿದ್ಧವಾದ ಅಮೆರಿಕದ ಮಾರ್ಗಸೂಚಿ, ಖಿನ್ನತೆಯ ಕಾಯಿಲೆ ಎಂದು ನಿರ್ಧಾರವಾದ ಮೇಲೆ ಮೊದಲ ಚಿಕಿತ್ಸೆ ಖಿನ್ನತೆಯ ಔಷಧಿ ಮತ್ತು ಆಪ್ತಸಮಾಲೋಚನೆಯೇ ಎಂದಿತು. ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2015ರಲ್ಲಿ ಇದರ ಇನ್ನೊಂದು ಮಗ್ಗುಲನ್ನು ಹೇಳಿತು: ಮುಟ್ಟು ನಿಲ್ಲುವ ಕಾರಣದಿಂದ ಬಂದ ಬರಿಯ ಬೇಸರಕ್ಕೆ, ಖಿನ್ನತೆಯ ಕಾಯಿಲೆ ಇಲ್ಲದಿದ್ದರೆ, ಖಿನ್ನತೆಯ ಮಾತ್ರೆಯಿಂದ ಪ್ರಯೋಜನವಿದೆ ಎನ್ನಲು ಸ್ಪಷ್ಟ ಆಧಾರವಿಲ್ಲ, ಹಾರ್ಮೋನನ್ನು ಯೋಚಿಸಬಹುದು. ಹಾಗಾಗಿ ನಿಮಗೆ ಇರುವುದು ಬೇಸರವೋ ಕಾಯಿಲೆಯೋ ಎಂಬುದೇ ಮೊದಲು ತೀರ್ಮಾನವಾಗಬೇಕು.

ಅದಕ್ಕೆ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಎಂಬ ಪಟ್ಟಿ ಇದೆ. ಕಳೆದ ಎರಡು ವಾರಗಳಲ್ಲಿ ಆಸಕ್ತಿ, ನಿದ್ದೆ, ಹಸಿವು, ಏಕಾಗ್ರತೆ, ತನ್ನ ಬಗ್ಗೆ ಕೀಳರಿಮೆ, ಸಾಯುವ ಯೋಚನೆ ಇವು ಎಷ್ಟು ದಿನ ಇದ್ದವು ಎಂದು ಕೇಳುತ್ತದೆ. ಹತ್ತು ಅಥವಾ ಹೆಚ್ಚು ಅಂಕ ಬಂದರೆ ವೈದ್ಯರು ಕೂತು ವಿವರವಾಗಿ ಪರೀಕ್ಷಿಸಲೇಬೇಕು. ಕೇರಳದ ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ‘ಆಶ್ವಾಸಂ’ ಎಂಬ ಹೆಸರಿನಲ್ಲಿ ಖಿನ್ನತೆಯ ತಪಾಸಣೆ ಇರುವುದು ನಮ್ಮ ಕನ್ನಡದ ಮನೆಗಳಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಹತ್ತಿರದ ಕೇಂದ್ರದಲ್ಲಿ ಯಾವ ದಿನ ಎಂದು ಅವರು ಹೇಳುತ್ತಾರೆ. ಮಲಯಾಳ ಸರಿಯಾಗಿ ಬಾರದಿದ್ದರೆ ಜೊತೆಗೆ ಬಲ್ಲವರೊಬ್ಬರನ್ನು ಕರೆದುಕೊಂಡು ಹೋಗಿ. ಮಗನನ್ನೋ ಮೈದುನನನ್ನೋ ಕರೆದೊಯ್ದ ಹೆಂಗಸರು ಮುಟ್ಟಿನ ಮಾತನ್ನೂ ಅಳುವಿನ ಮಾತನ್ನೂ ಬಾಯಿ ಬಿಡದೆ ಬರಿಯ ತಲೆನೋವಿಗೆ ಮಾತ್ರೆ ಪಡೆದು ಮನೆಗೆ ಹೋಗುವುದನ್ನು ನಾನು ಬಹಳ ನೋಡಿದ್ದೇನೆ. ಗೆಳತಿಯೋ ನಾದಿನಿಯೋ ಇದ್ದರೆ ಒಳ್ಳೆಯದು.

ಜೆಲ್ ಬಳಸುವ ಕ್ರಮವನ್ನು ಬೇಗಬೇಗ ಹೇಳಿ ಕಳಿಸುತ್ತಾರೆ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. ಸ್ನಾನವಾಗಿ ಮೈ ಒಣಗಿದ ಮೇಲೆ, ಚೀಟಿಯಲ್ಲಿ ಬರೆದಷ್ಟೇ ಅಳತೆ ತೆಗೆದು, ತೋಳಿನ ಮೇಲೋ ತೊಡೆಯ ಒಳಬದಿಗೋ ತೆಳುವಾಗಿ ಅಗಲಕ್ಕೆ ಸವರಬೇಕು; ಎಣ್ಣೆಯಂತೆ ತಿಕ್ಕಬೇಕಾಗಿಲ್ಲ. ಸ್ತನಕ್ಕೆ ಹಚ್ಚಬಾರದು. ಐದು ನಿಮಿಷ ಒಣಗಲು ಬಿಟ್ಟು ಬಟ್ಟೆ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ. ಹಚ್ಚಿದ ಜಾಗ ಮೊಮ್ಮಕ್ಕಳ ಮೈಗೆ ತಾಗದಂತೆ ನೋಡಿಕೊಳ್ಳಿ. ಗರ್ಭಕೋಶ ಇರುವ ನಿಮಗೆ ಜೆಲ್ಲಿನ ಜೊತೆ ಪ್ರೊಜೆಸ್ಟರಾನ್ ಕೂಡ ಬರೆದಿರಲೇಬೇಕು, ಚೀಟಿಯನ್ನು ಮತ್ತೊಮ್ಮೆ ನೋಡಿ. ಈಸ್ಟ್ರೋಜನ್ ಒಂದನ್ನೇ ಬಳಸಿದರೆ ಗರ್ಭಕೋಶದ ಒಳಪದರ ದಪ್ಪವಾಗಿ ಅಲ್ಲಿ ಕ್ಯಾನ್ಸರಿನ ಅಪಾಯ ನಿಜವಾಗಿಯೂ ಹೆಚ್ಚುತ್ತದೆ. ನಿಮ್ಮ ಹಂತದಲ್ಲಿ ಪ್ರೊಜೆಸ್ಟರಾನನ್ನು ಸಾಮಾನ್ಯವಾಗಿ ತಿಂಗಳಲ್ಲಿ 12ರಿಂದ 14 ದಿನ ಕೊಡುತ್ತಾರೆ. ಅದರ ಕ್ಯಾಪ್ಸೂಲ್ ತೂಕಡಿಕೆ ತರುವುದರಿಂದ ಮಲಗುವ ಹೊತ್ತಿಗೇ ತೆಗೆದುಕೊಳ್ಳಿ. ಕೆಲವರಿಗೆ ಪ್ರೊಜೆಸ್ಟರಾನ್ ದಿನಗಳಲ್ಲಿ ಮನಸ್ಸು ಇನ್ನಷ್ಟು ಭಾರವಾಗುವುದುಂಟು; ಹಾಗಾದರೆ ತಾನಾಗಿ ಬಿಡದೆ ವೈದ್ಯರಿಗೆ ತಿಳಿಸಿ, ಬಗೆಯನ್ನೋ ಕ್ರಮವನ್ನೋ ಬದಲಿಸಲು ಬರುತ್ತದೆ. ಚರ್ಮದ ಮೂಲಕ ಹೋಗುವ ಎಸ್ಟ್ರಡಿಯಾಲ್‌ಗೆ ಮಾತ್ರೆಯಷ್ಟು ರಕ್ತ ಹೆಪ್ಪುಗಟ್ಟಿಸುವ ಗುಣವಿಲ್ಲ ಎಂಬುದು ಜೆಲ್ಲಿನ ದೊಡ್ಡ ಅನುಕೂಲ. ಇದು ಗರ್ಭನಿರೋಧಕವಲ್ಲ ಎಂಬುದನ್ನೂ ನೆನಪಿಡಿ.

ನಿದ್ದೆಯ ಮಾತ್ರೆಯ ಬಗ್ಗೆ ನಾನು ಖಂಡಿತವಾಗಿ ಹೇಳುತ್ತೇನೆ: ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಜಾತಿಯ ಮಾತ್ರೆಗಳು ಖಿನ್ನತೆಗೂ ಔಷಧಿಯಲ್ಲ, ಬೆವರಿಗೂ ಅಲ್ಲ, ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ ಹಿಡಿದುಕೊಳ್ಳುತ್ತವೆ. ಈಗಾಗಲೇ ತಿಂಗಳಾಗಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ನಿಧಾನವಾಗಿ ಇಳಿಸುವ ಕ್ರಮವನ್ನು ಕೇಳಿ.

ಖಿನ್ನತೆಯ ಔಷಧಿಗಳಾದ ಎಸ್ಸಿಟಾಲೋಪ್ರಾಮ್, ವೆನ್ಲಾಫಾಕ್ಸಿನ್, ಡೆಸ್ವೆನ್ಲಾಫಾಕ್ಸಿನ್ ಇವು ಮೈಯ ಬಿಸಿ ಮತ್ತು ಬೆವರನ್ನೂ ತಕ್ಕಮಟ್ಟಿಗೆ ಇಳಿಸುತ್ತವೆ, ಆದ್ದರಿಂದ ಹಾರ್ಮೋನ್ ಒಗ್ಗದವರಿಗೆ ಇವು ಎರಡೂ ಕೆಲಸ ಮಾಡುತ್ತವೆ. ಮೊದಲ ವಾರ ಹೊಟ್ಟೆ ತೊಳಸುವುದು, ತಲೆ ಭಾರ, ಸ್ವಲ್ಪ ಚಡಪಡಿಕೆ ಇರಬಹುದು. ಗುಣ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕು. ಸರಿಯಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ಸ್ತನ ಕ್ಯಾನ್ಸರಿಗೆ ಟಾಮೊಕ್ಸಿಫೆನ್ ಸೇವಿಸುವವರು ಪಾರೊಕ್ಸೆಟಿನ್, ಫ್ಲೂಕ್ಸೆಟಿನ್ ತೆಗೆದುಕೊಳ್ಳಬಾರದು, ಅವು ಟಾಮೊಕ್ಸಿಫೆನ್ನಿನ ಕೆಲಸವನ್ನು ತಗ್ಗಿಸುತ್ತವೆ. ಹಾರ್ಮೋನನ್ನೂ ಖಿನ್ನತೆಯ ಮಾತ್ರೆಯನ್ನೂ ಜೊತೆಯಾಗಿ ಕೊಡಲು ಅಡ್ಡಿಯಿಲ್ಲ. ನನಗೆ ಜೆಲ್ಲಿನಿಂದ ಬೆವರು ಬೇಗನೆ ಇಳಿಯಿತು, ನಿದ್ದೆ ಬಂತು, ಆದರೆ ಬೆಳಗ್ಗೆ ಏಳುವಾಗಿನ ಭಾರ ಹಾಗೆಯೇ ಉಳಿಯಿತು. ಮನೋವೈದ್ಯರು ಎಸ್ಸಿಟಾಲೋಪ್ರಾಮ್ ಸೇರಿಸಿದ ಮೇಲೆಯೇ ಮಂಡೆಬೆಚ್ಚ ಕಡಿಮೆಯಾಗಿ, ಮನೆಯವರ ಮಾತು ಕಿವಿಗೆ ಬೀಳತೊಡಗಿತು.

ಆಪ್ತಸಮಾಲೋಚನೆಯನ್ನು ಬರಿಯ ಸಮಾಧಾನದ ಮಾತೆಂದು ತಳ್ಳಿಹಾಕಬೇಡಿ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಕ್ರಮಕ್ಕೆ ಖಿನ್ನತೆ, ನಿದ್ರಾಹೀನತೆ ಎರಡರಲ್ಲೂ ಒಳ್ಳೆಯ ಆಧಾರವಿದೆ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆಯುವುದೂ ನಿಜವಾದ ಚಿಕಿತ್ಸೆಯೇ. ತೋಟದಲ್ಲಿ ಅಡಿಕೆ ಹೆಕ್ಕುವುದನ್ನು ಅದರ ಲೆಕ್ಕಕ್ಕೆ ಸೇರಿಸಬೇಡಿ, ಅದು ನಿಮ್ಮ ಕೆಲಸ. ಸೋಯಾ, ಶತಾವರಿ ಖಿನ್ನತೆಯನ್ನು ಗುಣಪಡಿಸುತ್ತವೆ ಎನ್ನಲು ಗಟ್ಟಿಯಾದ ಆಧಾರವಿಲ್ಲ. ಅಶ್ವಗಂಧದಿಂದ ಯಕೃತ್ತಿಗೆ ತೊಂದರೆಯಾದ ವರದಿಗಳಿರುವುದರಿಂದ, ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ.

ನೀವು ಕೊನೆಯಲ್ಲಿ ‘ಬದುಕಿ ಏನು ಪ್ರಯೋಜನ ಅನಿಸುತ್ತದೆ’ ಎಂದು ಒಂದೇ ಸಾಲು ಬರೆದು ನಿಲ್ಲಿಸಿದ್ದೀರಿ. ನಾನು ಅದನ್ನು ಓದಿ ಮುಂದೆ ಹೋಗಲಾರೆ. ಆ ಯೋಚನೆ ಬಂದುಹೋಗುತ್ತಿದ್ದರೂ ಇದೇ ವಾರ ಮನೋವೈದ್ಯರನ್ನು ಕಾಣಿರಿ, ಜೆಲ್ ಕೆಲಸ ಮಾಡಲಿ ಎಂದು ತಿಂಗಳು ಕಾಯಬೇಡಿ. ಸಾಯುವ ದಾರಿಯನ್ನು ಮನಸ್ಸು ಹುಡುಕತೊಡಗಿದರೆ ಈಗಲೇ ಯಜಮಾನರಿಗೆ ಹೇಳಿ, ತುರ್ತು ವಿಭಾಗಕ್ಕೆ ಹೋಗಿ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆ ಕನ್ನಡದಲ್ಲಿಯೂ ಇದೆ. ಕೇರಳ ಸರಕಾರದ ಆರೋಗ್ಯ ಸಹಾಯವಾಣಿ ‘ದಿಶಾ’ದ ಸಂಖ್ಯೆ 1056. ತೋಟಕ್ಕೆ ಬಿಡುವ ಔಷಧಿ, ಕಳೆನಾಶಕದ ಡಬ್ಬಗಳಿಗೆ ಬೀಗ ಹಾಕಿ ಕೀಲಿಯನ್ನು ಯಜಮಾನರೇ ಇಟ್ಟುಕೊಳ್ಳಲಿ. ನಿದ್ದೆಯ ಮಾತ್ರೆಗಳೂ ಅವರ ಕೈಯಲ್ಲಿರಲಿ. ಇದನ್ನು ಅವಮಾನವೆಂದು ತಿಳಿಯಬೇಡಿ.

ಮಂಗಳೂರಿಗೆ ಮತ್ತೆ ಹೋಗುವ ಮೊದಲು, ಗೋಡೆಯ ಕ್ಯಾಲೆಂಡರಿನಲ್ಲಿ ಮುಟ್ಟಾದ ದಿನ, ಬೆವರಿ ಎಚ್ಚರವಾದ ರಾತ್ರಿ, ಅಳು ಬಂದ ದಿನ ಇವಕ್ಕೆ ಬೇರೆ ಬೇರೆ ಗುರುತು ಹಾಕಿ ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ. ಜೆಲ್ ಶುರುಮಾಡಿ ಆರರಿಂದ ಎಂಟು ವಾರಕ್ಕೆ ಬೆವರು ಇಳಿದು ಮನಸ್ಸಿನ ಭಾರ ಇಳಿಯದಿದ್ದರೆ ಖಿನ್ನತೆಯ ಔಷಧಿಯ ಮಾತನ್ನು ನೀವೇ ಎತ್ತಿ. ಮೊದಲ ಕೆಲವು ತಿಂಗಳು ರಕ್ತಸ್ರಾವ ಏರುಪೇರಾಗುವುದು ಸಾಮಾನ್ಯ; ಆರು ತಿಂಗಳಾದರೂ ನಿಲ್ಲದಿದ್ದರೆ, ಅಥವಾ ಮುಟ್ಟು ವರ್ಷ ನಿಂತು ಮತ್ತೆ ಕಂಡರೆ, ಸ್ಕ್ಯಾನ್ ಮಾಡಿಸದೆ ಬಿಡಬೇಡಿ.